ಲಿನಕ್ಸ್‌ಗೆ ಒಲಿಯದ ಮೋಡೆಮ್

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಭಾರತದಲ್ಲಿ ಸಾರ್ವಜನಿಕ ಅಂತರಜಾಲ ಸೇವೆಯನ್ನು ಆರಂಭಿಸಿತು. ಮರುವರ್ಷ ಪಿಸಿಕ್ವೆಸ್ಟ್ ಪತ್ರಿಕೆ ಓದುಗರಿಗೆ ಲಿನಕ್ಸ್ ಸಿ.ಡಿ. ಹಂಚಿತು, ಇದರಲ್ಲಿ ಬೆಂಗಳೂರಿನ ಅತುಲ್ ಚಿಟ್ನಿಸ್ ಅವರ ಪಾತ್ರ ದೊಡ್ಡದು. ಆದರೆ ಲಿನಕ್ಸ್ ಗಣಕದಿಂದ ದೂರವಾಣಿ ತಂತಿಯ ಮೂಲಕ ಅಂತರಜಾಲ ಸೇರುವುದು ಹಲವರಿಗೆ ಕಷ್ಟವಾಯಿತು. ತಪ್ಪು ಲಿನಕ್ಸ್‌ನದೇ?

ಮೋಡೆಮ್ ಗಣಕದ ಅಂಕೀಯ ಸಂಕೇತವನ್ನು ದೂರವಾಣಿ ತಂತಿಯಲ್ಲಿ ಸಾಗಬಲ್ಲ ಧ್ವನಿ ಸಂಕೇತವಾಗಿಯೂ, ಅದನ್ನು ಮರಳಿ ಅಂಕೀಯವಾಗಿಯೂ ಮಾರ್ಪಡಿಸುತ್ತದೆ. ಹೊರಗೆ ಜೋಡಿಸುವ ಸೀರಿಯಲ್ ಮೋಡೆಮ್ ಈ ಕೆಲಸವನ್ನು ತಾನೇ ಮಾಡುತ್ತಿತ್ತು. 'ಎಟಿಡಿಟಿ' ಎಂಬ ಆದೇಶದೊಡನೆ ದೂರವಾಣಿ ಸಂಖ್ಯೆ ಕಳುಹಿಸಿದರೆ ಸಾಕು, ಕಾರ್ಯಾಚರಣ ವ್ಯವಸ್ಥೆ ಯಾವುದಾದರೂ ಸರಿ. (ಟೋನ್ ಸೌಲಭ್ಯವಿಲ್ಲದ ಹಳೆಯ ವಿನಿಮಯ ಕೇಂದ್ರಗಳಿಗೆ 'ಎಟಿಡಿಪಿ'.)

1990ರ ದಶಕದ ಕೊನೆಯ ಹೊತ್ತಿಗೆ ಹರಡಿದ ಅಗ್ಗದ 'ವಿನ್‌ಮೋಡೆಮ್' ಕಾರ್ಡುಗಳು ಆ ಕೆಲಸದ ಬಹುಭಾಗವನ್ನು ಗಣಕದ ಸಂಸ್ಕಾರಕಕ್ಕೇ ಹೊರಿಸಿದವು. ಅದಕ್ಕೆ ಬೇಕಾದ ತಂತ್ರಾಂಶ ವಿಂಡೋಸ್‌ಗೆ ಮಾತ್ರ ಬರುತ್ತಿತ್ತು. ಅವನ್ನು ಅರ್ಧ ಮೋಡೆಮ್ ಎಂದರೂ ಸಲ್ಲುತ್ತದೆ! ಒಳರಚನೆಯ ವಿವರಗಳನ್ನು ತಯಾರಕರು ಸಾಮಾನ್ಯವಾಗಿ ಬಹಿರಂಗಪಡಿಸುತ್ತಿರಲಿಲ್ಲ; ಹೀಗಾಗಿ ಲಿನಕ್ಸ್‌ಗೆ ಚಾಲಕ ತಂತ್ರಾಂಶ ಬರೆಯುವುದು ದುಸ್ತರವಾಯಿತು. ಲೂಸೆಂಟ್ ಚಿಪ್ಪಿಗೆ ಚಾಲಕವೊಂದು ದೊರೆತರೂ ಅದರ ತಿರುಳಿನ ಮೂಲಸಂಕೇತ ಗುಪ್ತವಾಗಿಯೇ ಉಳಿಯಿತು. ಕರ್ನೆಲ್ ಬದಲಾದಾಗ ಅದನ್ನು ಮತ್ತೆ ಹೊಂದಿಸಬೇಕಾಗುತ್ತಿತ್ತು. ಹೆಚ್ಚು ಹಣ ತೆತ್ತು ಹೊರಗಿನ ಮೋಡೆಮ್ ಕೊಂಡವರಿಗೆ ಈ ಗೋಜಿರಲಿಲ್ಲ.