ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 10,000 ಮೀಟರ್ ಓಟ

ಒಲಿಂಪಿಕ್ಸ್ ಟ್ರ್ಯಾಕ್ ಮೇಲೆ ಮಹಿಳೆಯರು ಓಡುವ ಅತಿ ದೂರದ ಸ್ಪರ್ಧೆ ಇದು. 400 ಮೀಟರ್ ಟ್ರ್ಯಾಕಿನಲ್ಲಿ 25 ಸುತ್ತು. ಪುರುಷರು 1912ರಿಂದಲೇ ಓಡುತ್ತಿದ್ದ ಈ ದೂರ ಮಹಿಳೆಯರಿಗೆ ದಕ್ಕಿದ್ದು 1988ರಲ್ಲಿ.

ಇಷ್ಟು ತಡವಾದುದಕ್ಕೆ ಮೂಲ 1928ರ ಆಮ್‌ಸ್ಟರ್‌ಡ್ಯಾಮ್ ಕೂಟದಲ್ಲಿದೆ. ಅಲ್ಲಿ ಮಹಿಳೆಯರ 800 ಮೀಟರ್ ಫೈನಲ್‌ನಲ್ಲಿದ್ದ ಒಂಬತ್ತೂ ಮಂದಿ ಓಟ ಮುಗಿಸಿದ್ದರು. ಆದರೂ ಅವರು ಸಾಲುಸಾಲಾಗಿ ಕುಸಿದುಬಿದ್ದರೆಂದು ಪತ್ರಿಕೆಗಳು ಬಣ್ಣ ಹಚ್ಚಿ ಬರೆದವು. ದೂರದ ಓಟ ಹೆಣ್ಣಿನ ದೇಹಕ್ಕೆ ಒಗ್ಗದು ಎಂಬ ವಾದವೇ ಗೆದ್ದು, 1960ರವರೆಗೆ ಅವರಿಗೆ 200 ಮೀಟರ್ ಮೀರಿದ ಓಟವೇ ಇರಲಿಲ್ಲ. 1500 ಮೀಟರ್ ಬಂದದ್ದು 1972ರಲ್ಲಿ; 3000 ಮೀಟರ್ ಮತ್ತು ಮ್ಯಾರಥಾನ್ 1984ರಲ್ಲಿ. ಕ್ರೀಡಾ ಇತಿಹಾಸದ ದೊಡ್ಡ ಅನ್ಯಾಯಗಳಲ್ಲಿ ಇದೂ ಒಂದು.

1988ರ ಸೋಲ್ ಕೂಟದಲ್ಲಿ ವಿಶ್ವದಾಖಲೆ ಹೊಂದಿದ್ದ ನಾರ್ವೆಯ ಇಂಗ್ರಿಡ್ ಕ್ರಿಸ್ಟಿಯನ್‌ಸನ್ ಪಾದದ ನೋವಿನಿಂದ ಅರ್ಧಕ್ಕೇ ಹೊರಬಂದರು. ಸೋವಿಯತ್ ಒಕ್ಕೂಟದ ಓಲ್ಗಾ ಬೊಂಡರೆಂಕೊ 31:05.21ರಲ್ಲಿ ಮೊದಲ ಚಿನ್ನ ಗೆದ್ದರು.

ಈ ಸ್ಪರ್ಧೆಯ ಅತ್ಯಂತ ಅರ್ಥಪೂರ್ಣ ಓಟ ನಡೆದದ್ದು 1992ರಲ್ಲಿ, ಬಾರ್ಸಿಲೋನಾದಲ್ಲಿ. ವರ್ಣಭೇದ ನೀತಿಯಿಂದಾಗಿ 32 ವರ್ಷ ಹೊರಗುಳಿದಿದ್ದ ದಕ್ಷಿಣ ಆಫ್ರಿಕಾ ಆಗಷ್ಟೇ ಮರಳಿತ್ತು. ಆ ದೇಶದ ಬಿಳಿಯ ಓಟಗಾರ್ತಿ ಎಲಾನಾ ಮೇಯರ್ ಗುಂಪಿನಿಂದ ಮುಂದೆ ನುಗ್ಗಿದಾಗ ಬೆನ್ನು ಬಿಡದೆ ಹೋದವರು ಇಥಿಯೋಪಿಯಾದ ದೆರಾರ್ತು ತುಲು ಒಬ್ಬರೇ. ಕೊನೆಯ ಸುತ್ತಿನಲ್ಲಿ ತುಲು ಮುನ್ನುಗ್ಗಿ ಗೆದ್ದು, ಒಲಿಂಪಿಕ್ ಚಿನ್ನ ಪಡೆದ ಮೊದಲ ಕಪ್ಪು ಆಫ್ರಿಕನ್ ಮಹಿಳೆಯಾದರು. ಗುರಿಯಾಚೆ ನಿಂತು ಮೇಯರ್‌ಗಾಗಿ ಕಾದರು. ಇಬ್ಬರೂ ಕೈ ಹಿಡಿದು ವಿಜಯದ ಸುತ್ತು ಓಡಿದರು. ತಾಯಿಯಾದ ಮೇಲೆ 2000ರ ಸಿಡ್ನಿಯಲ್ಲೂ ತುಲು ಅವರೇ ಗೆದ್ದರು.

ಅವರ ಊರು ಬೆಕೊಜಿಯಿಂದಲೇ ಬಂದ ತಿರುನೇಶ್ ದಿಬಾಬಾ 2008 ಮತ್ತು 2012ರಲ್ಲಿ ಸತತ ಎರಡು ಚಿನ್ನ ಗೆದ್ದರು. ಬೀಜಿಂಗ್‌ನ ಆ 2008ರ ಓಟದಲ್ಲಿ ಕೇರಳದ ಪ್ರೀಜಾ ಶ್ರೀಧರನ್ ಕೂಡ ಇದ್ದರು; ಎರಡು ವರ್ಷದ ನಂತರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇದೇ ದೂರಕ್ಕೆ ಅವರು ಚಿನ್ನ, ಮಹಾರಾಷ್ಟ್ರದ ಕವಿತಾ ರಾವುತ್ ಬೆಳ್ಳಿ ತಂದರು.

2016ರ ರಿಯೊದಲ್ಲಿ ಇಥಿಯೋಪಿಯಾದ ಅಲ್ಮಾಜ್ ಅಯಾನಾ 29:17.45ರಲ್ಲಿ ಓಡಿ, ಚೀನಾದ ವಾಂಗ್ ಜುನ್‌ಶಿಯಾ 1993ರಲ್ಲಿ ಸ್ಥಾಪಿಸಿದ್ದ ವಿಶ್ವದಾಖಲೆಯನ್ನು 14 ಸೆಕೆಂಡಿಗೂ ಹೆಚ್ಚು ಅಂತರದಲ್ಲಿ ಮುರಿದರು. ಟೋಕಿಯೊದ ಚಿನ್ನ ನೆದರ್ಲೆಂಡ್ಸ್‌ನ ಸಿಫಾನ್ ಹಸನ್ ಪಾಲಾಯಿತು. 2024ರ ಪ್ಯಾರಿಸ್‌ನಲ್ಲಿ ಕೆನ್ಯಾದ ಬಿಯಾಟ್ರಿಸ್ ಚೆಬೆಟ್, ಇಟಲಿಯ ನಾದಿಯಾ ಬಟ್ಟೊಕ್ಲೆಟ್ಟಿ ಅವರನ್ನು ಹಿಂದಿಕ್ಕಿದ್ದು ಕೇವಲ 0.10 ಸೆಕೆಂಡಿನಿಂದ. ಅಲ್ಲಿ ಕಂಚು ಪಡೆದ ಹಸನ್ ಎರಡು ದಿನ ಕಳೆದು ಮ್ಯಾರಥಾನ್ ಗೆದ್ದರು.