ಮನೆಯವರನ್ನೂ ಒಳಗೆ ಕರೆದ ಆಸ್ಪತ್ರೆ

ಬೆಂಗಳೂರಿನ ನಿಮ್ಹಾನ್ಸ್ ರಾಷ್ಟ್ರೀಯ ಸಂಸ್ಥೆಯಾಗಿ ಐವತ್ತು ವರ್ಷಗಳನ್ನು ಪೂರೈಸಿದೆ. ಮೈಸೂರು ಸಂಸ್ಥಾನದ ಕಾಲದ ಮಾನಸಿಕ ಆಸ್ಪತ್ರೆಯೂ ಕೇಂದ್ರ ಸರ್ಕಾರದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರ ಡಿಸೆಂಬರ್ 27ರಂದು ಒಂದಾಗಿ ಈ ಹೆಸರು ಪಡೆದವು. ಸುವರ್ಣ ಮಹೋತ್ಸವದ ಹೊತ್ತಿನಲ್ಲಿ ಕಟ್ಟಡಗಳ, ವಿಭಾಗಗಳ, ಪ್ರಶಸ್ತಿಗಳ ಪಟ್ಟಿ ಕೊಡಬಹುದು. ಅವೆಲ್ಲಕ್ಕಿಂತ ದೊಡ್ಡದಾದ ಒಂದು ಕೆಲಸವನ್ನು ಇಲ್ಲಿ ನೆನೆಯಬೇಕಾಗಿದೆ. ಕಾಯಿಲೆಯವರನ್ನು ತಂದು ಬಿಟ್ಟುಹೋಗುವ ಜಾಗವಾಗಿದ್ದ ಆಸ್ಪತ್ರೆ, ಅವರ ಮನೆಯವರನ್ನೂ ಕೂರಿಸಿಕೊಂಡು ಮಾತಾಡಿಸುವ ಆಸ್ಪತ್ರೆಯಾಯಿತು.

ಬೆಂಗಳೂರಿನಲ್ಲಿ ಮಾನಸಿಕ ರೋಗಿಗಳಿಗೆಂದು ಆಶ್ರಯಾಲಯ ಶುರುವಾದದ್ದು 1847ರಲ್ಲಿ. ಆಗಿನ ಕಾಲದಲ್ಲಿ ಔಷಧಿ ಎನ್ನುವಂಥದ್ದು ಹೆಚ್ಚೇನೂ ಇರಲಿಲ್ಲ. ಊರಿಗೆ ತೊಂದರೆಯಾಗದಂತೆ ಇಟ್ಟುಕೊಳ್ಳುವುದು, ಊಟ ಬಟ್ಟೆ ಕೊಡುವುದು, ಇಷ್ಟೇ ಆರೈಕೆ. 1925ರಲ್ಲಿ ಮೈಸೂರು ಸರ್ಕಾರ ಅದನ್ನು ಮಾನಸಿಕ ಆಸ್ಪತ್ರೆ ಎಂದು ಕರೆಯಿತು. 1930ರ ದಶಕದಲ್ಲಿ ಆಸ್ಪತ್ರೆ ಊರ ನಡುವಿನ ಇಕ್ಕಟ್ಟಿನಿಂದ ಹೊಸೂರು ರಸ್ತೆ ಬದಿಯ ವಿಶಾಲವಾದ ಜಾಗಕ್ಕೆ ಬಂತು. ಅಲ್ಲಿ ಮರಗಳಿದ್ದವು, ಗಾಳಿ ಬೆಳಕು ಇದ್ದವು. ಸ್ವಾತಂತ್ರ್ಯಕ್ಕೆ ಮುಂಚೆ, 1946ರಲ್ಲಿ, ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ ಮನೋವೈದ್ಯರನ್ನು ತರಬೇತಿಗೊಳಿಸುವ ಸಂಸ್ಥೆಗಳು ಬೇಕೆಂದು ಹೇಳಿತು. ಅದರ ಫಲವಾಗಿ 1954ರಲ್ಲಿ ಅಖಿಲ ಭಾರತ ಸಂಸ್ಥೆ ಈ ಆವರಣದಲ್ಲೇ ಹುಟ್ಟಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರಾದರು. ಮನೋವೈದ್ಯರು, ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಆಮೇಲೆ ಮನೋವೈದ್ಯಕೀಯ ದಾದಿಯರು ಮತ್ತು ಸಮಾಜ ಕಾರ್ಯಕರ್ತರು ಇಲ್ಲಿ ಕಲಿತು ದೇಶದ ಮೂಲೆಮೂಲೆಗೆ ಹೋದರು. ಒಬ್ಬ ರೋಗಿಗೆ ಒಬ್ಬ ಡಾಕ್ಟರು ಸಾಲದು, ನಾಲ್ಕು ಬಗೆಯ ಪರಿಣತರು ಒಟ್ಟಿಗೆ ನೋಡಬೇಕು ಎಂಬ ಪದ್ಧತಿ ಹೀಗೆ ಬೇರೂರಿತು.

1950ರ ದಶಕದಲ್ಲಿ ಹೊಸ ಮಾತ್ರೆಗಳು ಬಂದವು. ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಇರುತ್ತಿದ್ದವರು ವಾರಗಳಲ್ಲಿ ಚೇತರಿಸಿಕೊಳ್ಳತೊಡಗಿದರು. ಆಗ ಎದುರಾದ ಪ್ರಶ್ನೆ ಬೇರೆಯದು. ಗುಣವಾದವರು ಹಿಂತಿರುಗುವುದು ಯಾವ ಮನೆಗೆ? ಆ ಮನೆ ಅವರನ್ನು ಹೇಗೆ ಬರಮಾಡಿಕೊಳ್ಳುತ್ತದೆ? ಅಮೃತಸರದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಡಾ. ವಿದ್ಯಾಸಾಗರ್ ಡೇರೆ ಹಾಕಿಸಿ ರೋಗಿಗಳ ಜೊತೆ ಬಂಧುಗಳನ್ನೂ ಉಳಿಸಿಕೊಂಡರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರದಲ್ಲೂ ಮನೆಯವರು ಜೊತೆಗಿರುವುದು ರೂಢಿಯಾಯಿತು. 1970ರ ದಶಕದ ಕೊನೆಯ ಹೊತ್ತಿಗೆ ನಿಮ್ಹಾನ್ಸ್ ಕುಟುಂಬಕ್ಕೆಂದೇ ಪ್ರತ್ಯೇಕ ಘಟಕ ಕಟ್ಟಿ, ಇಡೀ ಕುಟುಂಬವನ್ನು ಒಳರೋಗಿಯಂತೆ ಸೇರಿಸಿಕೊಂಡು ಚಿಕಿತ್ಸೆ ಕೊಡುವ ಕ್ರಮವನ್ನು ಬೆಳೆಸಿತು.

ಅಲ್ಲಿನ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕುಟುಂಬವೊಂದು ಬಂದು ಕೂತಾಗ ಸಮಾಜ ಕಾರ್ಯಕರ್ತೆ ಮೊದಲು ಬಿಳಿ ಹಾಳೆಯ ಮೇಲೆ ವಂಶವೃಕ್ಷ ಬರೆಯುತ್ತಾರೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ತೀರಿಕೊಂಡವರ ಗುರುತಿನ ಮೇಲೆ ಅಡ್ಡಗೆರೆ. ಮೂರು ತಲೆಮಾರು ಒಂದೇ ಹಾಳೆಯಲ್ಲಿ ಇಳಿಯುತ್ತದೆ. ಆಮೇಲೆ ಪ್ರಶ್ನೆಗಳು. ಮನೆಯಲ್ಲಿ ದುಡ್ಡಿನ ಲೆಕ್ಕ ಯಾರದು? ಮಗ ಊಟಕ್ಕೆ ಬರದಿದ್ದರೆ ಮೊದಲು ಸಿಟ್ಟಾಗುವವರು ಯಾರು? ಅತ್ತೆ ಸೊಸೆಗೆ ಮಾತಿದೆಯೇ? ಕುಡಿತ ಯಾರಿಗಿತ್ತು, ಅಜ್ಜನಿಗೋ, ಚಿಕ್ಕಪ್ಪನಿಗೋ? ಬಿರುಸು ಸಂಬಂಧಗಳಿಗೆ ಅಂಕುಡೊಂಕು ಗೆರೆ, ಗಾಢ ಸಂಬಂಧಗಳಿಗೆ ಜೋಡಿಗೆರೆ. ಹಾಳೆ ತುಂಬುತ್ತ ಬಂದಂತೆ, ಕಾಯಿಲೆ ಒಬ್ಬನದು ಎಂದುಕೊಂಡು ಬಂದವರಿಗೆ ತಮ್ಮ ತಮ್ಮ ಪಾಲೂ ಕಣ್ಣಿಗೆ ಬೀಳುತ್ತದೆ.

ಸ್ಕಿಜೋಫ್ರೇನಿಯಾದ ಮಗನ ಬಗ್ಗೆ ಅಪ್ಪಂದಿರು ಹೇಳುವ ದೂರು ಬಹುತೇಕ ಒಂದೇ: ‘ಮೈಗಳ್ಳ ಡಾಕ್ಟ್ರೇ, ಹನ್ನೊಂದು ಗಂಟೆಯಾದರೂ ಏಳಲ್ಲ.’ ಏಳಲಾಗದಿರುವುದು, ಸ್ನಾನಕ್ಕೆ ಮನಸ್ಸಾಗದಿರುವುದು, ಯಾರ ಜೊತೆಗೂ ಮಾತು ಬೇಡವೆನಿಸುವುದು ಆ ಕಾಯಿಲೆಯದೇ ಲಕ್ಷಣಗಳು. ಅದು ಸೋಮಾರಿತನವಲ್ಲ ಎಂದು ತಿಳಿದ ದಿನ ಮನೆಯಲ್ಲಿ ಬೈಗುಳ ಕಡಿಮೆಯಾಗುತ್ತದೆ. ಸದಾ ಟೀಕೆ, ಹಂಗಿಸುವ ಮಾತು ಇರುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು ಎಂದು ಹಲವು ದೇಶಗಳ ಸಂಶೋಧನೆಗಳು ತೋರಿಸಿವೆ. ಆದ್ದರಿಂದ ಅಪ್ಪನಿಗೆ ಕೊಡುವ ತಿಳಿವಳಿಕೆಯೂ ಮಗನ ಔಷಧಿಯ ಭಾಗವೇ. ‘ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂಬ ಹಿರಿಯರ ನಂಬಿಕೆಯನ್ನು ಗೌರವದಿಂದಲೇ ಕೇಳಿ, ಮದುವೆ ಚಿಕಿತ್ಸೆಯಲ್ಲ, ಇನ್ನೊಂದು ಹೆಣ್ಣಿನ ಬಾಳಿನ ಪ್ರಶ್ನೆಯೂ ಹೌದು ಎಂದು ತಾಳ್ಮೆಯಿಂದ ತಿಳಿಹೇಳುವುದು ಆಪ್ತಸಮಾಲೋಚಕರ ನಿತ್ಯದ ಕೆಲಸ. ವರ್ಷಗಟ್ಟಲೆ ನೋಡಿಕೊಂಡು ದಣಿದ ತಾಯಿಯ ಅಳುವಿಗೂ ಅಲ್ಲಿ ಸಮಯವಿರುತ್ತದೆ. ಆಕೆಯನ್ನು ಕೇಳುವವರೇ ಬೇರೆಲ್ಲೂ ಇರುವುದಿಲ್ಲ.

ಬೆಂಗಳೂರಿಗೆ ಬರಲಾಗದವರ ಗತಿಯೇನು? ನಿಮ್ಹಾನ್ಸ್‌ನ ಮನೋವೈದ್ಯ ಡಾ. ಆರ್.ಎಲ್. ಕಪೂರ್ ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡರು. ಅವರು ಮನೋವೈದ್ಯ ಮಾರಿಸ್ ಕಾರ್‌ಸ್ಟೇರ್ಸ್ ಜೊತೆ ನಮ್ಮ ಕರಾವಳಿಯ ಕೋಟದಲ್ಲಿ ಜನರ ಮನೋವ್ಯಥೆಗಳನ್ನು ಅಧ್ಯಯನ ಮಾಡಿದ್ದವರು. ಹಳ್ಳಿಯ ಜನ ಭೂತ, ದೈವ, ಮಂತ್ರ, ವೈದ್ಯರು ಎಲ್ಲರ ಬಳಿಯೂ ಹೋಗುವುದನ್ನು ಕಂಡಿದ್ದವರು. 1975ರಲ್ಲಿ ನಿಮ್ಹಾನ್ಸ್‌ನಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ಶುರುವಾಗಿ, ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತಲೆಯೆತ್ತಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಅಲ್ಲಿ ತರಬೇತಿ ಸಿಕ್ಕಿತು. ಗೌರಿಬಿದನೂರು, ಮಧುಗಿರಿ, ಮದ್ದೂರು, ಕನಕಪುರ, ಆನೇಕಲ್ಲುಗಳಲ್ಲಿ ಸಂಚಾರಿ ಚಿಕಿತ್ಸಾಲಯಗಳು ನಡೆದವು. 1980ರ ದಶಕದಲ್ಲಿ ಇಡೀ ಬಳ್ಳಾರಿ ಜಿಲ್ಲೆಯನ್ನು ಪ್ರಯೋಗಕ್ಕೆ ತೆಗೆದುಕೊಂಡು, ಸಾಮಾನ್ಯ ವೈದ್ಯರೇ ಮಾನಸಿಕ ಕಾಯಿಲೆಗಳಿಗೆ ಮಾತ್ರೆ ಬರೆದುಕೊಡಬಲ್ಲರು, ಆರೋಗ್ಯ ಕಾರ್ಯಕರ್ತರೇ ಕುಟುಂಬಕ್ಕೆ ಧೈರ್ಯ ಹೇಳಬಲ್ಲರು ಎಂದು ತೋರಿಸಲಾಯಿತು. ಆ ಅನುಭವದ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಇಂದು ದೇಶದ ನೂರಾರು ಜಿಲ್ಲೆಗಳಲ್ಲಿ ನಡೆಯುತ್ತಿರುವ ಈ ಸೇವೆಯ ತಾಯಿಬೇರು ನಮ್ಮ ಬಳ್ಳಾರಿಯಲ್ಲಿದೆ. ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿಯಿದು.

ಇಲ್ಲಿನ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಕನ್ನಡದಲ್ಲಿ ಬರೆದ ಪುಸ್ತಕಗಳನ್ನೂ ಈ ಸಂದರ್ಭದಲ್ಲಿ ನೆನೆಯಬೇಕು. ಖಿನ್ನತೆ, ಗೀಳು, ಮೂರ್ಛೆರೋಗ, ಮಕ್ಕಳ ಓದಿನ ತೊಡಕು, ದಾಂಪತ್ಯದ ಬಿಕ್ಕಟ್ಟು, ಎಲ್ಲವನ್ನೂ ಅವರು ಸರಳ ಮಾತಿನಲ್ಲಿ ಮನೆಮನೆಗೆ ಮುಟ್ಟಿಸಿದರು. ಅವರು ಕಟ್ಟಿದ ಸಮಾಧಾನ ಆಪ್ತಸಲಹಾ ಕೇಂದ್ರದಲ್ಲಿ ಸಾಮಾನ್ಯ ಗೃಹಿಣಿಯರು, ನಿವೃತ್ತರು ಸಹ ತರಬೇತಿ ಪಡೆದು ನೊಂದವರ ಮಾತಿಗೆ ಕಿವಿಗೊಡುತ್ತಾರೆ.

ಆಗಬೇಕಾದದ್ದು ಇನ್ನೂ ಬೆಟ್ಟದಷ್ಟಿದೆ. 2001ರಲ್ಲಿ ತಮಿಳುನಾಡಿನ ಎರವಾಡಿಯಲ್ಲಿ ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಂದಿ ಮಾನಸಿಕ ರೋಗಿಗಳು ಬೆಂಕಿಗೆ ಬಲಿಯಾದದ್ದನ್ನು ಈ ದೇಶ ಮರೆಯಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ನಿಷೇಧಿಸಿ, ಚಿಕಿತ್ಸೆಯನ್ನು ಹಕ್ಕು ಎಂದಿತು. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಯಾವುದಾದರೊಂದು ಮಾನಸಿಕ ಕಾಯಿಲೆಯಿತ್ತು. ಕಾಯಿಲೆಗಳ ಬಗೆಗೆ ತಕ್ಕಂತೆ ಅವರಲ್ಲಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ವೈದ್ಯರ ಕೊರತೆ ಇದಕ್ಕೆ ಒಂದು ಕಾರಣ. ನಾಲ್ಕು ಜನ ಏನಂದುಕೊಳ್ಳುತ್ತಾರೋ ಎಂಬ ಅಂಜಿಕೆ ಅಷ್ಟೇ ದೊಡ್ಡ ಕಾರಣ. ಮಗಳ ಸಂಬಂಧ ಕೆಟ್ಟೀತು, ಕೆಲಸ ಹೋದೀತು ಎಂದು ಕಾಯಿಲೆಯನ್ನು ಬಚ್ಚಿಟ್ಟ ಮನೆಗಳೆಷ್ಟೋ.

ಈ ಅಂಜಿಕೆ ಇರುವವರಿಗೂ ಈಗ ದಾರಿಯಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಕಷ್ಟ ನಿಮ್ಮದಾದರೂ ಸರಿ, ನಿಮ್ಮ ಮಗನದೋ ಅತ್ತಿಗೆಯದೋ ಪಕ್ಕದ ಮನೆಯವರದೋ ಆದರೂ ಸರಿ, ಆ ಕಡೆ ತರಬೇತಿ ಪಡೆದವರೊಬ್ಬರು ಕೇಳಿಸಿಕೊಳ್ಳುತ್ತಾರೆ.

ಸುವರ್ಣ ಮಹೋತ್ಸವದ ನೆಪದಲ್ಲಿ ಓದುಗರಲ್ಲಿ ಬೇಡುವುದು ಇಷ್ಟೇ. ನಿದ್ದೆ ಕೆಟ್ಟವರನ್ನು, ಮಾತು ಬಿಟ್ಟವರನ್ನು, ಸಾಯುವ ಮಾತಾಡುವವರನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಹರಕೆ ಹೊರುವುದಿದ್ದರೆ ಹೊರಿ, ಜೊತೆಗೆ ಡಾಕ್ಟರ ಬಳಿಗೂ ಕರೆದೊಯ್ಯಿರಿ. ಕರೆದೊಯ್ದವರು ಹೊರಗಿನ ಬೆಂಚಿನ ಮೇಲೆ ಕೂತಿರದೆ ನೀವೂ ಒಳಗೆ ಹೋಗಿ ಕೂರಿ. ಗುಣವಾಗುವುದರಲ್ಲಿ ಮನೆಯವರ ಪಾಲೂ ದೊಡ್ಡದಿದೆ.