ಒಬ್ಬನ ಕೈಗೆ ಬಂದ ಚೈನ್‌ಸಾ

ಚೈನ್‌ಸಾ ಚರಿತ್ರೆಯಲ್ಲಿ ಹೊಗಳಿಕೆಯೆಲ್ಲ ಸರಪಳಿಗೆ ಸಲ್ಲುತ್ತದೆ. ಹಳೆಯ ಯಂತ್ರಗಳ ಕಾರ್ಬ್ಯುರೇಟರ್ ಬಿಚ್ಚಿದರೆ ಬೇರೆಯೇ ಕಥೆ ಹೊರಬೀಳುತ್ತದೆ. ಜರ್ಮನಿಯ ಸ್ಟಿಲ್ ಕಂಪನಿ 1929ರಲ್ಲಿ ತಂದ ಪೆಟ್ರೋಲ್ ಗರಗಸ 46 ಕಿಲೊ ತೂಗುತ್ತಿತ್ತು, ಹಿಡಿಯಲು ಇಬ್ಬರು ಬೇಕಿತ್ತು. ತೂಕದಷ್ಟೇ ಕಾಡಿದ್ದು ಆ ಕಾಲದ ಫ್ಲೋಟ್ ಕಾರ್ಬ್ಯುರೇಟರ್. ಬಟ್ಟಲಿನಲ್ಲಿ ಪೆಟ್ರೋಲ್ ಮಟ್ಟಸವಾಗಿ ನಿಂತರಷ್ಟೇ ಅದರ ಕೆಲಸ ಸಾಗುತ್ತಿತ್ತು. ನಿಂತ ಮರ ಉರುಳಿಸಲು ಗರಗಸ ಅಡ್ಡ ಮಲಗಬೇಕು, ಎಂಜಿನ್ ಮಾತ್ರ ನೆಟ್ಟಗಿರಬೇಕು! ಹಾಗಾಗಿ ಅನೇಕ ಯಂತ್ರಗಳಲ್ಲಿ ಸರಪಳಿ ಓಡುವ ಬಾರ್ ಒಂದನ್ನೇ ತಿರುಗಿಸುವ ಭಾರದ ಏರ್ಪಾಡು ಇತ್ತು. ಬಟ್ಟಲಿನ ಜಾಗಕ್ಕೆ ತೆಳುವಾದ ಡಯಾಫ್ರಮ್ ಪೊರೆ ಬಂದಮೇಲೆ ಎಂಜಿನ್ ಎತ್ತ ವಾಲಿದರೂ ಓಡಿತು.

ಅಮೆರಿಕದ ಜೋಸೆಫ್ ಕಾಕ್ಸ್ ಮರಕೊರಕ ಹುಳುವಿನ ದವಡೆ ನೋಡಿ 1940ರ ದಶಕದಲ್ಲಿ ರೂಪಿಸಿದ ಸರಪಳಿಯ ಪಾಲು ಕಡಿಮೆಯೇ ಎಂದು ಕೇಳಬಹುದು. ಖಂಡಿತ ಅಲ್ಲ, ಹಗುರ ಲೋಹಗಳದ್ದೂ ಅಲ್ಲ. ಆದರೆ ಸರಪಳಿ ಹೆಚ್ಚಿಸಿದ್ದು ಕೊಯ್ಯುವ ವೇಗವನ್ನು. ಯಂತ್ರವನ್ನು ಬೇಕಾದತ್ತ ಹೊರಳಿಸುವ ಸಲುಗೆ ಪೊರೆಯದು. 1959ರ ಸ್ಟಿಲ್ ಕಾಂಟ್ರಾ ಸುಮಾರು 12 ಕಿಲೊಗೆ ಇಳಿದಾಗ ಆ ವೇಗ, ಈ ಸಲುಗೆ ಎರಡೂ ಒಂದಾಗಿದ್ದವು.

ಹೊಸ ಪೊರೆ ಹಾಕಿದರೆ ಹಳೆಯ ಯಂತ್ರದ ಅಸಲಿತನ ಹೋಯಿತೆನ್ನುವ ಸಂಗ್ರಾಹಕರಿದ್ದಾರೆ. ನನಗೆ ಈ ಮಡಿವಂತಿಕೆ ಒಪ್ಪಿಗೆಯಿಲ್ಲ. ಪೊರೆ ಮೊದಲಿನಿಂದಲೂ ಗಡುಸಾಗಿ ಬದಲಾಗುತ್ತಲೇ ಬಂದ ಭಾಗ. ಎಥನಾಲ್ ಬೆರೆತ ಇಂದಿನ ಪೆಟ್ರೋಲ್ ಅದರ ಆಯುಸ್ಸನ್ನು ಇನ್ನಷ್ಟು ಕಡಿಮೆ ಮಾಡಿದೆ, ಅಷ್ಟೇ.